ಕೆಜಿಎಫ್ ಆಸ್ಪತ್ರೆಗೆ ದುಡ್ಡು ಕೊಟ್ಟವರು ಯಾರು? ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಬದುಕಿನ ಜೊತೆ ಒಂದು ಲೆಕ್ಕ

ಸರ್ಕಾರದ ಆರೋಗ್ಯ ಯೋಜನೆಯ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದೇ ಧಾಟಿಯ ಫಾರ್ವರ್ಡ್‌ಗಳು ಓಡಾಡುತ್ತವೆ. ತೆರಿಗೆ ಕಟ್ಟುವವರು ಯಾರೋ, ಬಿಟ್ಟಿ ಚಿಕಿತ್ಸೆ ಪಡೆಯುವವರು ಇನ್ಯಾರೋ. ಹಿಂದೆಲ್ಲ ಜನ ದುಡಿದು ತಮ್ಮ ಆಸ್ಪತ್ರೆ ಖರ್ಚು ತಾವೇ ನೋಡಿಕೊಳ್ಳುತ್ತಿದ್ದರು ಅನ್ನುವುದು ಅವುಗಳ ಸಾರ. ಇದು ಎಷ್ಟು ನಿಜ ಎಂದು ನೋಡಲು ಈ ಸಲ ನಾವು ಒಬ್ಬರ ಬದುಕನ್ನೂ ಅವರು ಹುಟ್ಟಿದ ಸೀಮೆಯನ್ನೂ ಹಿಡಿದುಕೊಂಡಿದ್ದೇವೆ.

ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು ಎಂದು ಕೇಳಿದರೆ ಹಲವರ ಬಾಯಲ್ಲಿ ಬರುವ ಹೆಸರು ಕೆಂಗಲ್ ಹನುಮಂತಯ್ಯ. ವಿಧಾನಸೌಧದ ಪ್ರಭಾವ! ಆದರೆ ಮೊದಲಿಗರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟ 1951ರ ಜುಲೈ 13ರಂದು ಮುಖ್ಯಮಂತ್ರಿಯಾಗಿದ್ದವರೂ ಅವರೇ.

ರೆಡ್ಡಿ ಹುಟ್ಟಿದ್ದು 1902ರ ಮೇ 4ರಂದು, ಆಗಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯ ಸೀಮೆಯ ಕ್ಯಾಸಂಬಳ್ಳಿಯಲ್ಲಿ. ಅದೇ ವರ್ಷ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಬೆಳಕು ಕಂಡ ಊರದು. ಅಲ್ಲಿನ ಗಣಿಗಳನ್ನು ನಡೆಸುತ್ತಿದ್ದ ಬ್ರಿಟಿಷ್ ಸಂಸ್ಥೆ ಜಾನ್ ಟೇಲರ್ ಅಂಡ್ ಸನ್ಸ್ ಚಾಂಪಿಯನ್ ರೀಫ್‌ನಲ್ಲಿ ತನ್ನದೇ ಆಸ್ಪತ್ರೆಯನ್ನೂ ನಡೆಸಿತು. ಗಣಿ ಕಾರ್ಮಿಕರಿಗೂ ಅವರ ಮನೆಯವರಿಗೂ ಅಲ್ಲಿ ಚಿಕಿತ್ಸೆ. ಸುತ್ತಲ ಹಳ್ಳಿಯ ರೈತನಿಗೆ ಆ ಹಕ್ಕು ಇರಲಿಲ್ಲ.

ಹಾಗಾದರೆ ಕಂಪನಿ ಧರ್ಮಕ್ಕೆ ಆಸ್ಪತ್ರೆ ನಡೆಸಿತೇ? ಖಂಡಿತ ಇಲ್ಲ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕಲ್ಲು ಕೊರೆದವರ ದುಡಿಮೆಯಿಂದ ಬಂದ ಚಿನ್ನದಲ್ಲೇ ಆಸ್ಪತ್ರೆಯ ಖರ್ಚೂ ಹುಟ್ಟುತ್ತಿತ್ತು. ಕಾರ್ಮಿಕ ಕೌಂಟರ್‌ನಲ್ಲಿ ದುಡ್ಡು ಎಣಿಸಲಿಲ್ಲ, ಅಷ್ಟೇ. ಹಿಂದೆ ಎಲ್ಲರೂ ತಮ್ಮ ಖರ್ಚು ತಾವೇ ನೋಡಿಕೊಂಡರು ಅನ್ನುವ ಮಾತು ಕೆಜಿಎಫ್ ಮಟ್ಟಿಗಂತೂ ಸುಳ್ಳು.

ಕಾನೂನು ಓದಿದ ರೆಡ್ಡಿ 1930ರಲ್ಲಿ ಗೆಳೆಯರ ಜೊತೆ ಪ್ರಜಾಪಕ್ಷ ಕಟ್ಟಿದರು. ಜನರಿಗೆ ಹೊಣೆಗಾರನಾದ ಸರ್ಕಾರ ಬೇಕೆಂಬುದು ಅವರ ಬೇಡಿಕೆ. ಅದೇ ವರ್ಷ ಗಣಿಯಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಕಾರ್ಮಿಕರ ದೊಡ್ಡ ಮುಷ್ಕರ ನಡೆಯಿತು. ಮುಂದೆ ಪ್ರಜಾಪಕ್ಷ ಇನ್ನೊಂದು ಪಕ್ಷದ ಜೊತೆ ಕೂಡಿ ಕಾಂಗ್ರೆಸ್‌ನಲ್ಲಿ ವಿಲೀನವಾಯಿತು, ರೆಡ್ಡಿ ಮೈಸೂರು ಕಾಂಗ್ರೆಸ್‌ನ ಅಧ್ಯಕ್ಷರಾದರು. 1947ರ ಮೈಸೂರು ಚಲೋ ಚಳವಳಿಗೆ ಅರಮನೆ ಮಣಿಯಿತು. ಅಕ್ಟೋಬರ್ 25ರಂದು ರೆಡ್ಡಿ ಮುಖ್ಯಮಂತ್ರಿ.

ಇಲ್ಲಿ ಸ್ವಲ್ಪ ನಿಲ್ಲೋಣ. ರೆಡ್ಡಿ ಅಧಿಕಾರಕ್ಕೆ ಬಂದು ಎಂಟು ತಿಂಗಳು ದಾಟಿದಾಗ, 1948ರ ಜುಲೈ 5ರಂದು, ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದನ್ನು ತಂದ ಮಂತ್ರಿ ಅನ್ಯೂರಿನ್ ಬೆವನ್ ಕೂಡ ಗಣಿ ಸೀಮೆಯವರು. ಹದಿಮೂರನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವರು. ಅವರ ಊರು, ವೇಲ್ಸ್‌ನ ಟ್ರೆಡೆಗರ್‌ನಲ್ಲಿ ಕಾರ್ಮಿಕರು ಕೂಲಿಯಿಂದ ಸ್ವಲ್ಪ ಸ್ವಲ್ಪ ಹಾಕಿ ವೈದ್ಯಕೀಯ ಸಂಘವೊಂದನ್ನು ನಡೆಸುತ್ತಿದ್ದರು. ಗಣಿಯವರಷ್ಟೇ ಅಲ್ಲ, ಹೆಚ್ಚುಕಡಿಮೆ ಇಡೀ ಊರು ಅದರಲ್ಲಿತ್ತು. ಬೆವನ್ ಆ ಮಾದರಿಯನ್ನು ದೇಶಕ್ಕೆ ಹಿಗ್ಗಿಸಿದರು, ಖರ್ಚನ್ನು ಮುಖ್ಯವಾಗಿ ತೆರಿಗೆಯ ಮೇಲೆ ಹಾಕಿದರು.

ನಮ್ಮಲ್ಲೂ ಆ ಮಾತು ಎದ್ದಿತ್ತು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಜೋಸೆಫ್ ಭೋರ್ ಸಮಿತಿ 1946ರಲ್ಲೇ ವರದಿ ಕೊಟ್ಟಿತ್ತು. ರೆಡ್ಡಿ ಸದಸ್ಯರಾಗಿದ್ದ ಸಂವಿಧಾನ ಸಭೆ ಸಾರ್ವಜನಿಕ ಆರೋಗ್ಯ ಸುಧಾರಿಸುವುದು ಸರ್ಕಾರದ ಕರ್ತವ್ಯವೆಂದು 47ನೇ ವಿಧಿಯಲ್ಲಿ ಬರೆಯಿತು. ಆದರೆ ಅದನ್ನಿಟ್ಟದ್ದು ನಿರ್ದೇಶಕ ತತ್ವಗಳ ಸಾಲಿನಲ್ಲಿ. ಆ ತತ್ವಗಳನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ. ಆಸ್ಪತ್ರೆಗಳ ಹೊಣೆ ರಾಜ್ಯಗಳ ಪಟ್ಟಿಗೆ ಹೋಯಿತು.

ಮುಂದೆ ಬಂದದ್ದು ತುಂಡು ತುಂಡು ವ್ಯವಸ್ಥೆ. 1948ರ ಇಎಸ್‌ಐ ಕಾಯ್ದೆ ಕಾರ್ಖಾನೆ ಕಾರ್ಮಿಕರಿಗೆ ಬಂತು, ಗಣಿಗಳನ್ನು ಹೊರಗಿಟ್ಟಿತು. 1954ರಲ್ಲಿ ದೆಹಲಿಯಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಬಂತು: ನೌಕರರದು ಸಣ್ಣ ವಂತಿಗೆ, ಉಳಿದದ್ದು ಸರ್ಕಾರದ ಬೊಕ್ಕಸದಿಂದ. ತೆರಿಗೆ ಹಣದ ಚಿಕಿತ್ಸೆ ಭಾರತದಲ್ಲಿ ಯೋಜನೆಯ ರೂಪದಲ್ಲಿ ಗಟ್ಟಿಯಾಗಿ ಸಿಕ್ಕಿದ್ದು ಮೊದಲು ಸರ್ಕಾರದ ಮಂದಿಗೇ. ಇದನ್ನು ಬಿಟ್ಟಿ ಎಂದು ಬೈಯುವ ಫಾರ್ವರ್ಡ್ ನಮ್ಮ ಕಣ್ಣಿಗೆ ಬಿದ್ದಿಲ್ಲ.

1952ರಲ್ಲಿ ಹುದ್ದೆ ಬಿಟ್ಟು ದೆಹಲಿಗೆ ಹೋದ ರೆಡ್ಡಿ ಕೇಂದ್ರದಲ್ಲಿ ಉತ್ಪಾದನೆ, ಆಮೇಲೆ ವಸತಿ, ಆಮೇಲೆ ವಾಣಿಜ್ಯ ಮತ್ತು ಕೈಗಾರಿಕೆ ಖಾತೆ ನೋಡಿಕೊಂಡರು. ಸಾರ್ವಜನಿಕ ಉದ್ಯಮಗಳು ಒಂದೊಂದಾಗಿ ಎದ್ದ ಕಾಲ ಅದು. ಬೆಂಗಳೂರಿನ ಎಚ್‌ಎಂಟಿಯಂಥ ಕಡೆ ಕಾಲೋನಿ, ಶಾಲೆ, ಆಸ್ಪತ್ರೆ ಎಲ್ಲವೂ ಕಾರ್ಖಾನೆಯ ಜೊತೆಗೇ. ಕೆಲಸ ಇದ್ದವರಿಗೆ ಚಿಕಿತ್ಸೆ ಅನ್ನುವ ಕೆಜಿಎಫ್ ಮಾದರಿಯೇ ದೊಡ್ಡದಾಯಿತು. ಟ್ರೆಡೆಗರ್ ಮಾದರಿ ಅಲ್ಲ. ಆಗಿನ ಬಡ ದೇಶಕ್ಕೆ ಅದಕ್ಕಿಂತ ಹೆಚ್ಚು ಸಾಧ್ಯವಿತ್ತೇ ಎಂಬುದು ವಾದದ ವಿಷಯ. ಬ್ರಿಟನ್ನೇ 1951ರಲ್ಲಿ ಖರ್ಚು ತಾಳದೆ ಹಲ್ಲಿನ ಸೆಟ್ಟು, ಕನ್ನಡಕಕ್ಕೆ ಶುಲ್ಕ ಹಾಕಲು ಹೊರಟಿತು, ಬೆವನ್ ಸಿಟ್ಟಿನಿಂದ ರಾಜೀನಾಮೆ ಕೊಟ್ಟರು.

ಆದರೆ ಕೆಲಸಕ್ಕೆ ಕಟ್ಟಿದ ಚಿಕಿತ್ಸೆಗೆ ಒಂದು ದೊಡ್ಡ ತೂತು ಇದೆ. ಅದನ್ನು ನೋಡಲು ಗಣಿ ಕಾರ್ಮಿಕನ ಶ್ವಾಸಕೋಶ ನೋಡಬೇಕು.

ಸಿಲಿಕೋಸಿಸ್ ಎಂಬ ಬಾಕಿ

ಕೆಜಿಎಫ್‌ನ ಚಿನ್ನ ಇರುವುದು ಗಟ್ಟಿ ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಕೂರುತ್ತದೆ. ಅದರ ಸುತ್ತ ಗಾಯದ ಕಲೆಯಂಥ ಗಂಟು ಬೆಳೆದು ಶ್ವಾಸಕೋಶ ಬಿರುಸಾಗುತ್ತದೆ. ಕ್ಷಯದ ಅಪಾಯವೂ ಹೆಚ್ಚು. ಬಿರುಸಾದದ್ದನ್ನು ಮೊದಲಿನಂತೆ ಮಾಡುವ ಔಷಧಿ ಇವತ್ತಿಗೂ ಇಲ್ಲ. ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಅನ್ನುವ ನಂಬಿಕೆಗೂ ಆಧಾರವಿಲ್ಲ, ಬೆಲ್ಲ ಹೋಗುವುದು ಹೊಟ್ಟೆಗೆ.

1940ರಿಂದ 1946ರವರೆಗೆ ಕೆಜಿಎಫ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಕಾಯಿಲೆ ಕಾಣಿಸಿಕೊಳ್ಳಲು ಹಲವು ವರ್ಷ, ಕೆಲವೊಮ್ಮೆ ದಶಕಗಳೇ ಹಿಡಿಯುತ್ತವೆ. ಗಣಿ ಬಿಟ್ಟ ಮೇಲೂ ಬೆಳೆಯಬಹುದು. ಅಂದರೆ ಚಿಕಿತ್ಸೆ ತೀರಾ ಬೇಕಾಗುವ ಹೊತ್ತಿಗೆ ಕೆಲಸವೇ ಇರುವುದಿಲ್ಲ.

1956ರ ನವೆಂಬರ್‌ನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರ ಕೊನೆಗೆ ಅವು ಕೇಂದ್ರದ ಕೈಗೆ ಹೋದವು. ಅಲ್ಲಿಂದ ಆಸ್ಪತ್ರೆಯೂ ಸಾರ್ವಜನಿಕರ ಆಸ್ತಿ. ಗಣಿ ನಷ್ಟಕ್ಕೆ ಇಳಿದಾಗ ಅದನ್ನು ತುಂಬಿದ್ದು ದೇಶದ ತೆರಿಗೆದಾರರು. ರೆಡ್ಡಿ 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದು, 1976ರ ಫೆಬ್ರವರಿ 27ರಂದು ತೀರಿಕೊಂಡರು. ಗಣಿಯ ಕೊನೆಯನ್ನು ಅವರು ಕಾಣಲಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು, ಆಸ್ಪತ್ರೆಯೂ ಪಾಳು ಬಿತ್ತು. ಗಣಿಯವರ ಮಕ್ಕಳು ಮಾರಿಕುಪ್ಪಂ, ಬಂಗಾರಪೇಟೆಯಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಹಲವರದು ಇಎಸ್‌ಐ ಕಾರ್ಡಿಲ್ಲದ ಕೆಲಸ.

ಹಾಗಾದರೆ ತೆರಿಗೆ ಯಾರದು?

ಆದಾಯ ತೆರಿಗೆ ಕಟ್ಟುವವರು ಕಡಿಮೆ, ನಿಜ. ಆದರೆ ಬಂಗಾರಪೇಟೆ ಸ್ಟೇಷನ್ ಎದುರು ಪೇಸ್ಟು, ಬಿಸ್ಕತ್ತು ಕೊಳ್ಳುವ ಗಾರೆ ಕೆಲಸದವನೂ ಅದರ ಬೆಲೆಯಲ್ಲೇ ಜಿಎಸ್‌ಟಿ ಕಟ್ಟುತ್ತಾನೆ. ಇನ್ನು, ಸರ್ಕಾರ ಖರ್ಚು ಮಾಡದಿದ್ದರೆ ದುಡ್ಡು ಉಳಿಯಿತು ಎಂದಲ್ಲ, ಬಿಲ್ಲು ಮನೆಗೆ ಬರುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಟ್ಟ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ಕ್ಕೆ ಶೇ 39.4ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸರ್ಕಾರದ ಪಾಲು ಶೇ 28.6ರಿಂದ 48ಕ್ಕೆ ಏರಿತು. ಇವು ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಗಳು. ಇಷ್ಟಾಗಿಯೂ ಸರ್ಕಾರದ ಖರ್ಚು ಜಿಡಿಪಿಯ ಶೇ 1.84 ಮಾತ್ರ.

ಫಾರ್ವರ್ಡ್‌ನವರ ಆತಂಕವೆಲ್ಲ ಸುಳ್ಳಲ್ಲ. ಸುಳ್ಳು ಬಿಲ್ಲು, ಬೇಡದ ಆಪರೇಷನ್ ಇವೆಲ್ಲ ತೆರಿಗೆ ಹಣವನ್ನು ತಿನ್ನುತ್ತವೆ. ವಿಮೆಯ ದುಡ್ಡು ದೊಡ್ಡ ಆಸ್ಪತ್ರೆಗೆ ಹೋಗಿ, ಹಳ್ಳಿಯ ಆರೋಗ್ಯ ಕೇಂದ್ರ ಸೊರಗಿದರೆ ಅದೂ ನಷ್ಟವೇ. ಕೇಳಬೇಕಾದ ಲೆಕ್ಕ ಅದು, ಬಡವನ ಕಾರ್ಡಿನದಲ್ಲ.

ರಾಜ್ಯದಲ್ಲಿ 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ. ಗಣಿಯಲ್ಲಿ, ಕ್ವಾರಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದು, ಏದುಸಿರು, ಬಿಡದ ಕೆಮ್ಮು ಇದ್ದರೆ, ಹಳೆಯ ಕೆಲಸದ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಕ್ಷಯವೆಂದುಕೊಂಡದ್ದರ ಜೊತೆ ಸಿಲಿಕೋಸಿಸ್ ಇರಬಹುದು.

ಚಾಂಪಿಯನ್ ರೀಫ್‌ನ ಆ ಆಸ್ಪತ್ರೆ 2021ರಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಮತ್ತೆ ಬಾಗಿಲು ತೆರೆಯಿತು. ಸ್ವಯಂಸೇವಕರು ವರ್ಷಗಳ ಧೂಳು ಗುಡಿಸಿ ವಾರ್ಡುಗಳಲ್ಲಿ ಮಂಚ ಹಾಕಿದರು. ಈ ಸಲ ಒಳಗೆ ಬರಲು ಗಣಿ ಕಾರ್ಮಿಕರೇ ಆಗಿರಬೇಕು ಎಂಬ ನಿಯಮ ಇರಲಿಲ್ಲ.