ಹೊಗೆಕೊಳವೆಗೆ ಟರ್ಬೈನ್ ಕಟ್ಟಿದ ಆಲ್ಫ್ರೆಡ್ ಬ್ಯೂಖಿ

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನ ಮನೆಯಲ್ಲಿ ಹಳೇ ಡೀಸೆಲ್ ಕಾರೊಂದಿದೆ. ಟರ್ಬೊ ಇಲ್ಲದ ಕಾಲದ್ದು. ನಾಲ್ಕು ಜನ ಕೂತು ಘಾಟಿ ಹತ್ತಿದರೆ ಎರಡನೇ ಗೇರು ಬಿಟ್ಟು ಮೇಲೆ ಹೋಗೋದೇ ಇಲ್ಲ. ಗ್ಯಾರೇಜಿನವರು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟುಕೊಟ್ಟರು. ಪವರ್ ಒಂಚೂರು ಬಂತು, ಜೊತೆಗೆ ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ಕರೀ ಹೊಗೆಯೂ ಬಂತು. ಈಗ ಅವನ ತಲೆಗೆ ಹೊಸ ಹುಳ ಹೊಕ್ಕಿದೆ: ಗುಜರಿಯಿಂದ ಒಂದು ಟರ್ಬೊ ತಂದು ಕೂರಿಸಿಬಿಡೋಣ, ಒಂದು ಭಾನುವಾರದ ಕೆಲಸ ಅಂತ. ಈ ಲೇಖನ ಬರೆಯೋಕೆ ಅವನೇ ಕಾರಣ. ಯಾಕೆಂದರೆ ಡೀಸೆಲ್ ಎಂಜಿನ್ನಿಗೆ ಟರ್ಬೊ ಕೂರಿಸಬೇಕು ಅಂತ ಮೊದಲು ಹೊರಟ ಮನುಷ್ಯನಿಗೆ ಅದು ಕೈಗೂಡಲು ಹಿಡಿದದ್ದು ಇಪ್ಪತ್ತು ವರ್ಷ.

ಆತ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಹುಟ್ಟಿದ್ದು 1879ರ ಜುಲೈ 11ರಂದು, ವಿಂಟರ್‌ಥುರ್ ಎಂಬ ಊರಿನಲ್ಲಿ. ಯಂತ್ರ ತಯಾರಿಸುವ ಸುಲ್ಜರ್ ಕಂಪನಿಯ ಊರು ಅದು, ಬ್ಯೂಖಿಯ ಅಪ್ಪನೂ ಅಲ್ಲೇ ದೊಡ್ಡ ಹುದ್ದೆಯಲ್ಲಿದ್ದವರು. ಒಂದು ಸೋಜಿಗ ನೋಡಿ. ಅದೇ 1879ರಲ್ಲಿ ಮ್ಯೂನಿಕ್ಕಿನ ವಿದ್ಯಾರ್ಥಿಯೊಬ್ಬ ಟೈಫಾಯಿಡ್ ಬಂದು ಕೊನೇ ಪರೀಕ್ಷೆ ತಪ್ಪಿಸಿಕೊಂಡು, ಮುಂದಿನ ಪರೀಕ್ಷೆ ಬರುವವರೆಗೆ ಕೆಲಸ ಕಲಿಯೋಣ ಅಂತ ಇದೇ ಸುಲ್ಜರ್ ಕಾರ್ಖಾನೆಗೆ ಬಂದಿದ್ದ. ಅವನ ಹೆಸರು ರುಡಾಲ್ಫ್ ಡೀಸೆಲ್. ಎಂಜಿನ್ ಕಟ್ಟಿದವನು ಶಾಪ್ ಫ್ಲೋರಿನಲ್ಲಿ, ಆ ಎಂಜಿನ್ನಿಗೆ ಉಸಿರು ಕೊಟ್ಟವನು ತೊಟ್ಟಿಲಲ್ಲಿ, ಇಬ್ಬರೂ ಒಂದೇ ಊರಲ್ಲಿ!

ಬ್ಯೂಖಿ ಜ್ಯೂರಿಕ್ಕಿನ ಪಾಲಿಟೆಕ್ನಿಕ್‌ನಲ್ಲಿ, ಅಂದರೆ ಇವತ್ತಿನ ಇಟಿಎಚ್‌ನಲ್ಲಿ, ಮೆಕ್ಯಾನಿಕಲ್ ಓದಿ 1903ರಲ್ಲಿ ಹೊರಬಿದ್ದ. ಬೆಲ್ಜಿಯಂ, ಇಂಗ್ಲೆಂಡುಗಳಲ್ಲಿ ಕೆಲಸ ಮಾಡಿದ. ಆ ದಿನಗಳಲ್ಲೇ ಆತನ ತಲೆಗೆ ಹತ್ತಿದ್ದು ಎಕ್ಸಾಸ್ಟ್ ಗ್ಯಾಸಿನ ವಿಚಾರ.

ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಗೊತ್ತಿರುತ್ತೆ: ಇಂಧನ ಉರಿದಾಗ ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಹೊರಗೆ ಹೋಗುತ್ತೆ. ಇನ್ನೊಂದು ಕಡೆ ಎಂಜಿನ್ನಿಗೆ ಗಾಳಿಯ ಬಡತನ. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕೆಜಿ ಗಾಳಿ ಬೇಕು. ಅದೂ ಪುಸ್ತಕದ ಲೆಕ್ಕ. ಸಿಲಿಂಡರಿನೊಳಗೆ ಡೀಸೆಲ್ಲೂ ಗಾಳಿಯೂ ಅಷ್ಟು ಚೆನ್ನಾಗಿ ಬೆರೆಯುವುದಿಲ್ಲವಾದ್ದರಿಂದ ಹೊಗೆಯಿಲ್ಲದೆ ಉರಿಯಲು ಇನ್ನೂ ಹೆಚ್ಚೇ ಬೇಕು. ಪಿಸ್ಟನ್ ಕೆಳಗಿಳಿದು ತಾನಾಗಿ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿ ಇದೆ. ಆ ಮಿತಿ ದಾಟಿ ಡೀಸೆಲ್ ಸುರಿದರೆ ಅದು ಮಸಿಯಾಗುತ್ತೆ ಅಷ್ಟೆ. ನಮ್ಮ ಗೆಳೆಯನ ಕಾರಿಗೆ ಆಗಿದ್ದೂ ಇದೇ.

ಗಾಳಿಯನ್ನು ಒತ್ತಿ ತುಂಬಬೇಕು ಅನ್ನೋದು ಬ್ಯೂಖಿಗಿಂತ ಮೊದಲೇ ಇದ್ದ ಯೋಚನೆ. ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಆ ದಾರಿ ಹಿಡಿದಿದ್ದ. ರುಡಾಲ್ಫ್ ಡೀಸೆಲ್ 1896ರ ಹೊತ್ತಿಗೆ ಪ್ರಯೋಗ ಮಾಡಿ ನೋಡಿ, ಶಕ್ತಿ ಹೆಚ್ಚಿದರೂ ದಕ್ಷತೆ ಇಳಿಯುತ್ತದೆ ಅಂತ ಕೈಬಿಟ್ಟಿದ್ದ. ಗಾಳಿ ಒತ್ತುವ ಪಂಪನ್ನು ಎಂಜಿನ್ನೇ ತಿರುಗಿಸಬೇಕಾದರೆ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಖರ್ಚು. ಬ್ಯೂಖಿ ಕೇಳಿಕೊಂಡದ್ದು ಬೇರೆ ಪ್ರಶ್ನೆ: ಹೇಗೂ ದಂಡವಾಗಿ ಹೋಗುವ ಹೊಗೆಯೇ ಆ ಪಂಪನ್ನು ತಿರುಗಿಸಿದರೆ? ಹೊಗೆಯ ದಾರಿಯಲ್ಲಿ ಒಂದು ಟರ್ಬೈನ್, ಗಾಳಿಯ ದಾರಿಯಲ್ಲಿ ಒಂದು ಕಂಪ್ರೆಸರ್. 1905ರ ನವೆಂಬರ್ 16ರಂದು ಜರ್ಮನಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಆತನಿಗೆ ಇಪ್ಪತ್ತಾರು ವರ್ಷ. ಆ ಪೇಟೆಂಟಿನಲ್ಲಿ ಕಂಪ್ರೆಸರ್, ಎಂಜಿನ್, ಟರ್ಬೈನ್ ಮೂರೂ ಒಂದೇ ಶಾಫ್ಟಿನ ಮೇಲಿದ್ದವು. ಇವತ್ತಿನ ಟರ್ಬೊ ಹಾಗಿಲ್ಲ, ಎಂಜಿನ್ನಿನ ಶಾಫ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಮೂಲ ಯೋಚನೆ ಅದೇ.

ಕಾಗದದ ಮೇಲೆ ಇಷ್ಟು ಸಲೀಸು. ಮುಂದೆ ಆತ ಸ್ವಿಟ್ಜರ್ಲೆಂಡಿಗೆ ವಾಪಸಾಗಿ ಸುಲ್ಜರ್ ಸೇರಿದ. 1911ರ ಸುಮಾರಿಗೆ ಪ್ರಯೋಗಗಳು ಶುರುವಾದವು. 1915ರಲ್ಲಿ ಟರ್ಬೊ ಹಾಕಿದ ಡೀಸೆಲ್ ಎಂಜಿನ್ ತಯಾರಾಯಿತು, ಆದರೆ ಗಾಳಿಯ ಒತ್ತಡ ನಿಲ್ಲಲಿಲ್ಲ. ಉದ್ಯಮದವರು ಒಪ್ಪಲಿಲ್ಲ.

ಯಾಕೆ ಸೋತ? ಇಲ್ಲಿ ಸ್ವಲ್ಪ ನಿಲ್ಲೋಣ, ಇಂಟರ್ನಲ್ಸ್‌ಗೂ ಉಪಯೋಗವಾದೀತು. ಟರ್ಬೈನಿನ ದಕ್ಷತೆ ಶೇ 60, ಕಂಪ್ರೆಸರಿನದೂ ಶೇ 60 ಅಂತ ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ ಉಳಿಯೋದು ಶೇ 36 ಮಾತ್ರ. ಅಷ್ಟರಲ್ಲಿ ಗಾಳಿಯನ್ನು ಸಾಕಷ್ಟು ಒತ್ತಬೇಕೆಂದರೆ ಟರ್ಬೈನಿನ ಮುಂದೆ ಹೊಗೆ ಕಟ್ಟಿಕೊಂಡು ಒತ್ತಡ ಏರಬೇಕು. ಹಾಗೆ ಏರಿದಾಗ ಪಿಸ್ಟನ್ ಆ ಹೊಗೆಯನ್ನು ತಳ್ಳಿ ತಳ್ಳಿ ಸುಸ್ತಾಗುತ್ತೆ. ಎಕ್ಸಾಸ್ಟ್ ಒತ್ತಡ ಒಳಬರುವ ಗಾಳಿಯ ಒತ್ತಡವನ್ನು ಮೀರಿದರೆ ಹಳೇ ಹೊಗೆ ಸಿಲಿಂಡರಿನಲ್ಲೇ ಉಳಿಯುತ್ತೆ, ಹೊಸ ಗಾಳಿಗೆ ಜಾಗ ಇಲ್ಲ. ಇದರ ಮೇಲೆ ಶಾಖ ಬೇರೆ. ಹೆಚ್ಚು ಇಂಧನ ಉರಿದಂತೆ ಪಿಸ್ಟನ್ನಿನ ತಲೆ, ಎಕ್ಸಾಸ್ಟ್ ವಾಲ್ವ್, ಟರ್ಬೈನಿನ ಬ್ಲೇಡು ಎಲ್ಲಕ್ಕೂ ಜ್ವರ. ಅಂದಿನ ಲೋಹಗಳಿಗೆ ಅದು ತಡೆಯುವ ಮಾತಲ್ಲ.

ಈ ನಡುವೆ ಬೇರೆಯವರು ಮುಂದೆ ಹೋದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಾಟೋ ವಿಮಾನದ ಎಂಜಿನ್ನಿಗೆ ಟರ್ಬೊ ಮಾಡಿದ. ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಜಿನ್ನನ್ನು ಪೈಕ್ಸ್ ಪೀಕ್ ಬೆಟ್ಟದ ತುದಿಗೆ, ಸುಮಾರು 14,000 ಅಡಿ ಎತ್ತರಕ್ಕೆ ಸಾಗಿಸಿ ಪರೀಕ್ಷಿಸಿದ. ಅವೆಲ್ಲ ಪೆಟ್ರೋಲ್ ಎಂಜಿನ್ನುಗಳು, ಎತ್ತರದಲ್ಲಿ ಕಳೆದುಹೋದ ಗಾಳಿಯನ್ನು ಮರಳಿ ಕೊಡುವುದಷ್ಟೇ ಅಲ್ಲಿನ ಗುರಿ. ಹಡಗಿನ ಡೀಸೆಲ್ ಹಾಗಲ್ಲ, ಅದು ಸಾವಿರಾರು ಗಂಟೆ ಬಿಡುವಿಲ್ಲದೆ ಓಡಬೇಕು. ಬ್ಯೂಖಿಗೆ ಬೇಕಿದ್ದದ್ದು ಅದು.

ಗಂಟು ಬಿಚ್ಚಿದ್ದು 1925ರಲ್ಲಿ. ನನ್ನ ಪ್ರಕಾರ ಆತನ ನಿಜವಾದ ಸಾಧನೆ 1905ರ ಪೇಟೆಂಟ್ ಅಲ್ಲ, ಇದು. ಟರ್ಬೊ ಅನ್ನೋದು ಎಂಜಿನ್ನಿಗೆ ಹೊರಗಿಂದ ಕಟ್ಟುವ ಸಾಮಾನು ಅಂತ ನೋಡುವುದನ್ನು ಬಿಟ್ಟು ಎಂಜಿನ್ನನ್ನೇ ಅದಕ್ಕೆ ತಕ್ಕಂತೆ ಬದಲಿಸಿದ. ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಹೊಗೆ ಒಂದು ಹೊಡೆತದಂತೆ ನುಗ್ಗುತ್ತೆ. ಎಲ್ಲ ಸಿಲಿಂಡರುಗಳಿಗೂ ಒಂದೇ ದೊಡ್ಡ ಕೊಳವೆ ಇದ್ದರೆ ಆ ಹೊಡೆತ ಅಲ್ಲೇ ಕರಗಿಹೋಗುತ್ತೆ, ಪಕ್ಕದ ಸಿಲಿಂಡರಿಗೂ ತೊಂದರೆ ಕೊಡುತ್ತೆ. ಬ್ಯೂಖಿ ಕೊಳವೆಗಳನ್ನು ಸಣ್ಣದಾಗಿ, ಗುಂಪು ಗುಂಪಾಗಿ ವಿಂಗಡಿಸಿದ. 1-5-3-6-2-4 ಕ್ರಮದಲ್ಲಿ ಉರಿಯುವ ಆರು ಸಿಲಿಂಡರಿನ ಎಂಜಿನ್ ತೆಗೆದುಕೊಳ್ಳಿ. 1, 2, 3ಕ್ಕೆ ಒಂದು ಕೊಳವೆ, 4, 5, 6ಕ್ಕೆ ಇನ್ನೊಂದು. ಆಗ ಒಂದೇ ಕೊಳವೆಯಲ್ಲಿ ಎರಡು ಹೊಡೆತಗಳ ನಡುವೆ 240 ಡಿಗ್ರಿ ಅಂತರ ಸಿಗುತ್ತೆ. ಆ ಬಿಡುವಿನಲ್ಲಿ ಕೊಳವೆಯ ಒತ್ತಡ ಇಳಿದಾಗ ಎರಡೂ ವಾಲ್ವ್‌ಗಳನ್ನು ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿಟ್ಟರೆ ಹೊಸ ಗಾಳಿ ಒಳಗಿಂದ ಹಾದುಹೋಗಿ ಹಳೇ ಹೊಗೆಯನ್ನು ಗುಡಿಸಿಬಿಡುತ್ತೆ. ಜೊತೆಗೆ ಪಿಸ್ಟನ್, ವಾಲ್ವ್‌ಗಳೂ ತಣ್ಣಗಾಗುತ್ತವೆ. ಇವತ್ತು ಟ್ವಿನ್ ಸ್ಕ್ರೋಲ್ ಅಂತ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕ್ತಾರಲ್ಲ, ಅದರ ಹಿಂದಿರುವುದೂ ಇದೇ ತತ್ವ.

ಫಲ ಸಿಕ್ಕಿದ್ದು ಹಡಗಿನಲ್ಲಿ. ಪ್ರಾಯಿಸನ್, ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಮ್ಯಾನ್ ಎಂಜಿನ್ನುಗಳಿಗೆ ಈ ವ್ಯವಸ್ಥೆ ಹಾಕಿದರು. 1,750 ಅಶ್ವಶಕ್ತಿಯ ಎಂಜಿನ್ 2,500 ಕೊಟ್ಟಿತು. ಶೇ 40ಕ್ಕೂ ಹೆಚ್ಚು ಏರಿಕೆ, ಅದೂ ಸಿಲಿಂಡರಿನ ಗಾತ್ರ ಬದಲಿಸದೆ. ಮುಂದೆ ಟರ್ಬೊ ತಯಾರಿಸಲು ಬ್ರೌನ್ ಬೊವೆರಿ, ಪ್ರಯೋಗದ ಎಂಜಿನ್ನುಗಳಿಗೆ ವಿಂಟರ್‌ಥುರ್‌ನ ಲೋಕೊಮೋಟಿವ್ ಕಾರ್ಖಾನೆ, ವಿನ್ಯಾಸಕ್ಕೆ ಬ್ಯೂಖಿ ಅಂತ ಮೂವರ ಕೂಟವೇ ಆಯಿತು. 1938ರಲ್ಲಿ ಸ್ವಿಟ್ಜರ್ಲೆಂಡಿನದೇ ಸೌರರ್ ಕಂಪನಿ ಲಾರಿಗೂ ಟರ್ಬೊ ತಂದಿತು.

ಬ್ಯೂಖಿ ತೀರಿಕೊಂಡದ್ದು 1959ರ ಅಕ್ಟೋಬರ್ 27ರಂದು, ಹುಟ್ಟೂರಲ್ಲೇ, ಎಂಬತ್ತನೇ ವಯಸ್ಸಿನಲ್ಲಿ. ಟರ್ಬೊ ಡೀಸೆಲ್ ಕಾರು ಅಂಗಡಿಗೆ ಬಂದದ್ದನ್ನು ಆತ ನೋಡಲಿಲ್ಲ. ಅದು 1978ರ ಮರ್ಸಿಡಿಸ್ 300 ಎಸ್‌ಡಿ. ಟರ್ಬೊ ಇಲ್ಲದಾಗ ಸುಮಾರು 80 ಅಶ್ವಶಕ್ತಿ ಕೊಡುತ್ತಿದ್ದ ಅದರ ಮೂರು ಲೀಟರಿನ ಐದು ಸಿಲಿಂಡರ್ ಎಂಜಿನ್ ಟರ್ಬೊ ಬಂದ ಮೇಲೆ 110 ದಾಟಿತು. ಆದರೆ ಕಂಪನಿಯವರು ಬರೀ ಟರ್ಬೊ ಬೋಲ್ಟ್ ಮಾಡಿ ಕೈತೊಳೆದುಕೊಳ್ಳಲಿಲ್ಲ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸಿ ತಣಿಸುವ ಜೆಟ್, ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವ್, ಗಟ್ಟಿ ಮಾಡಿದ ಕ್ರ್ಯಾಂಕ್‌ಶಾಫ್ಟ್, ಗಾಳಿಯ ಒತ್ತಡ ನೋಡಿಕೊಂಡು ಡೀಸೆಲ್ ಬಿಡುವ ಪಂಪು, ಎಲ್ಲವೂ ಬಂತು.

ಈ ಪಟ್ಟಿ ನೋಡಿ ನಮ್ಮ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಾದ. ಟರ್ಬೊಗೆ ಎಣ್ಣೆ ಎಲ್ಲಿಂದ ಕೊಡೋದು, ಹೆಡ್ ಗ್ಯಾಸ್ಕೆಟ್ ತಡೆಯುತ್ತಾ, ಆರ್‌ಟಿಒ ಒಪ್ಪುತ್ತಾ ಅಂತ ಕೇಳಿದ್ದಕ್ಕೂ ಉತ್ತರ ಇರಲಿಲ್ಲ. ಸದ್ಯಕ್ಕೆ ಪಂಪಿನ ಸ್ಕ್ರೂ ಹಳೇ ಜಾಗಕ್ಕೆ ಬಂದಿದೆ. ಹೋದ ಭಾನುವಾರ ಇಬ್ಬರೂ ಸೇರಿ ಏರ್ ಫಿಲ್ಟರ್ ಬಿಚ್ಚಿದೆವು. ಎಷ್ಟು ವರ್ಷದಿಂದ ಬದಲಿಸಿರಲಿಲ್ಲವೋ, ಕೊಡವಿದರೆ ಒಂದು ಬೊಗಸೆ ಕೆಂಪು ಮಣ್ಣು ಬಿತ್ತು.