ಅಲ್ ಜಾಹಿಝ್ ಕಂಡ ಮರಳುಗಾಡಿನ ಆಹಾರ ಸರಪಳಿ

ಜೀವಶಾಸ್ತ್ರದಲ್ಲಿ ಆಹಾರ ಸರಪಳಿಯ ಪಾಠ ಓದುವಾಗಲೆಲ್ಲ ನನಗೆ ಅಲ್ ಜಾಹಿಝ್ ನೆನಪಾಗುತ್ತಾರೆ. ನಮ್ಮಲ್ಲಿ ಅವರನ್ನು ಬಲ್ಲವರು ಕಡಿಮೆ. ಅದಕ್ಕೇ ಈ ಬರಹ.

ಅವರ ನಿಜವಾದ ಹೆಸರು ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹ್ರ್. ಸುಮಾರು ಕ್ರಿ.ಶ. 776ರಲ್ಲಿ ಇರಾಕಿನ ಬಸ್ರಾದ ಬಡಕುಟುಂಬದಲ್ಲಿ ಹುಟ್ಟಿದರು. ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಿದ್ದರಿಂದ ಜನ ಜಾಹಿಝ್ ಎಂದು ಕರೆದರು, ಆ ಹೆಸರೇ ಉಳಿಯಿತು. ಹುಡುಗನಾಗಿದ್ದಾಗ ಕಾಲುವೆ ದಂಡೆಯಲ್ಲಿ ಮೀನು ಮಾರುತ್ತಿದ್ದರಂತೆ. ಪುಸ್ತಕದಂಗಡಿಗಳನ್ನು ರಾತ್ರಿ ಬಾಡಿಗೆಗೆ ಹಿಡಿದು ಓದುತ್ತಿದ್ದರಂತೆ.

ಮುಂದೆ ಬಾಗ್ದಾದಿಗೆ ಹೋಗಿ ಹೆಸರಾಂತ ಲೇಖಕರಾದರು. ಪ್ರಾಣಿಗಳ ಬಗ್ಗೆ ಏಳು ಸಂಪುಟಗಳ ಕಿತಾಬುಲ್ ಹಯವಾನ್ ಬರೆದರು. ಅರಿಸ್ಟಾಟಲನ ಮಾತನ್ನೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಮರಳುಗಾಡಿನ ಬದೂಯಿಗಳು ಕಂಡು ತಿಳಿದದ್ದಕ್ಕೂ ಅದರಲ್ಲಿ ಜಾಗ ಕೊಟ್ಟರು. ತೋಳ ನರಿಯನ್ನು, ನರಿ ಮುಳ್ಳಿಲಿಯನ್ನು, ಮುಳ್ಳಿಲಿ ಹಾವನ್ನು, ಹಾವು ಗುಬ್ಬಿಯನ್ನು, ಗುಬ್ಬಿ ಮಿಡತೆಯನ್ನು ತಿನ್ನುವ ಸಾಲು ಆ ಗ್ರಂಥದಲ್ಲಿದೆ.

ಈ ಸಾಲಿನಲ್ಲಿ ಶಕ್ತಿ ಎಷ್ಟು ಸಾಗುತ್ತದೆ ಎಂಬ ಲೆಕ್ಕ ಸಿಕ್ಕಿದ್ದು ಸಾವಿರ ವರ್ಷಗಳ ನಂತರ, 1942ರಲ್ಲಿ ಲಿಂಡೆಮನ್ ಬರೆದ ಲೇಖನದ ದಾರಿಯಲ್ಲಿ. ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ಸುಮಾರು ಶೇ. 10 ಮಾತ್ರ ಹೋಗುತ್ತದೆ. ಗಿಡದಲ್ಲಿ 1,000 ಪಾಲಿದ್ದರೆ ಮಿಡತೆಗೆ 100, ಗುಬ್ಬಿಗೆ 10, ಹಾವಿಗೆ 1. ಉಳಿದದ್ದು ಉಸಿರಾಟದಲ್ಲಿ ಶಾಖವಾಗಿ ಹೋಗುತ್ತದೆ, ಇಲ್ಲವೇ ತಿನ್ನದೆ, ಜೀರ್ಣವಾಗದೆ ಉಳಿದು ಕೊಳೆಯುತ್ತದೆ. ಮರಳುಗಾಡಿನಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಬರ. ವರ್ಷದ ಮಳೆ 250 ಮಿ.ಮೀ.ಗಿಂತ ಕಡಿಮೆ. ಗಿಡವೇ ವಿರಳವಾದ ಮೇಲೆ ತುದಿಯಲ್ಲಿರುವ ತೋಳಕ್ಕೆ ಉಳಿಯುವುದು ಅತ್ಯಲ್ಪ. ಅದಕ್ಕೇ ಅಲ್ಲಿ ತೋಳಗಳು ಬೆರಳೆಣಿಕೆಯಷ್ಟು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮಗೆ ಇದು ದೂರದ ಮಾತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಹುಲ್ಲು, ಮಿಡತೆ, ಕಪ್ಪೆ, ಕೇರೆಹಾವು, ಕೊನೆಗೆ ಕಾಳಿಂಗ ಸರ್ಪ: ಇಷ್ಟುದ್ದದ ಸರಪಳಿಯನ್ನು ಹೊತ್ತು ನಿಂತಿರುವುದು ಹಸಿರೇ. ಹಸಿರು ಕಡಿದರೆ ಮೊದಲು ಹಸಿಯುವುದು ತುದಿಯಲ್ಲಿರುವ ಕಾಳಿಂಗ.

ಜಾಹಿಝ್ ಮುಪ್ಪಿನಲ್ಲಿ ಪಾರ್ಶ್ವವಾಯು ಪೀಡಿತರಾಗಿ ಬಸ್ರಾಕ್ಕೆ ಮರಳಿದರು. 868-69ರ ಹೊತ್ತಿಗೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕಗಳ ರಾಶಿ ಮೈಮೇಲೆ ಬಿದ್ದು ಸತ್ತರೆಂಬ ಕತೆಯೂ ಇದೆ. ಕತೆ ಹೇಗೇ ಇರಲಿ, ಅವರು ಕುರಿ ಕಾಯುವವರನ್ನೂ ಕೇಳಿ ಕಲಿತರು ಎಂಬುದು ನನಗೆ ಮುಖ್ಯ. ಗೆಳೆಯರೇ, ಗದ್ದೆ ತೋಟದಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.