ಗಂಗಾಮೂಲದಿಂದ ಕೇಡಗಾವಿಗೆ: ಪಂಡಿತಾ ರಮಾಬಾಯಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಬಡವರ ಮಕ್ಕಳನ್ನು ಶಾಲೆ ಬಿಟ್ಟ ಬಳಿಕ ಒಂದೆಡೆ ಕೂಡಿಸಿ, ಪಾಠ ಹೇಳಿ, ಹೊಟ್ಟೆಗಿಕ್ಕಿ, ಕಂಡರಿಯದ ದೇಶದ ಪೋಷಕರಿಗೆ ಕಾಗದ ಬರೆಯಿಸುವ ಕ್ರೈಸ್ತ ಕೇಂದ್ರಗಳ ಮಾತು ಬಂದಾಗಲೆಲ್ಲ ನಾನು ಎರಡು ಬಗೆಯ ಅಭಿಪ್ರಾಯಗಳನ್ನು ಕೇಳಿದ್ದೇನೆ. ಹಸಿದ ಕೂಸಿಗೆ ಅನ್ನವಿಕ್ಕಿದವರ ಜಾತಿ ಕೇಳಬಾರದೆಂಬುದು ಒಂದು. ಅನ್ನದ ಹಿಂದೆ ಮತವೂ ಬರುತ್ತದೆಂಬುದು ಮತ್ತೊಂದು. ಈ ವಾದ ಇಂದು ನಿನ್ನೆಯದಲ್ಲ. ನೂರಮೂವತ್ತು ವರುಷಗಳ ಹಿಂದೆ, ನಮ್ಮ ಬೆಳಗಾವಿಯೂ ಪುಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, ಇದೇ ವಾದದ ನಟ್ಟನಡುವೆ ನಿಂತವರು ಕನ್ನಡ ನೆಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು. ಅವರ ಬಾಳನ್ನು ನೆನೆಯದೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸಲ್ಲದೆಂದು ನನಗೆ ತೋರುತ್ತದೆ.

ಕಾರ್ಕಳದ ಬಳಿಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಹೊರಟು ಸ್ವಜನರ ವಿರೋಧಕ್ಕೆ ಗುರಿಯಾದರು. ಊರು ತೊರೆದು ಪಶ್ಚಿಮ ಘಟ್ಟದ ಗಂಗಾಮೂಲದ ಅಡವಿಯಲ್ಲಿ ಆಶ್ರಮ ಕಟ್ಟಿದರು. ಅಲ್ಲಿಯೇ 1858ರ ಏಪ್ರಿಲ್ ತಿಂಗಳಲ್ಲಿ ರಮಾಬಾಯಿ ಹುಟ್ಟಿದರು. ಕೂಸು ಕೂಸಾಗಿರುವಾಗಲೇ ಸಂಸಾರ ಬಡತನಕ್ಕಿಳಿದು, ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯತೊಡಗಿತು. ತಾಯಿಯ ಬಾಯಿಂದಲೇ ಮಗಳು ಸಂಸ್ಕೃತವನ್ನು ಕಲಿತಳು.

1870ರ ದಶಕದ ಬರಗಾಲ ಆ ಸಂಸಾರವನ್ನು ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಉಳಿದವರು ರಮೆ ಮತ್ತು ಅಣ್ಣ ಶ್ರೀನಿವಾಸ. ಕಾಲ್ನಡೆಯಿಂದ ದೇಶವನ್ನೇ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಮುಟ್ಟಿದ ಈ ತರುಣಿಯ ವಿದ್ವತ್ತಿಗೆ ಬೆರಗಾದ ಪಂಡಿತರು ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಬಿರುದು ಬಂದಿತು, ನೆಮ್ಮದಿ ಬರಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿಯನ್ನು ಮೀರಿ ವಂಗದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರ ಕೈಹಿಡಿದರು. 1882ರಲ್ಲಿ ವಾಂತಿಭೇದಿ ಅವರನ್ನೂ ಒಯ್ದಿತು. ತೊಡೆಯ ಮೇಲೆ ಮನೋರಮೆಯೆಂಬ ಹಸುಗೂಸು. ವಿಧವೆಗೆ ವಯಸ್ಸು ಇಪ್ಪತ್ತಮೂರು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿಗೆ ತೆರಳಿ ಅಲ್ಲಿ ಕ್ರೈಸ್ತರಾದರು. ಇಲ್ಲೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಆಶ್ರಯವಿತ್ತ ಸನ್ಯಾಸಿನಿಯರ ಋಣದಲ್ಲಿದ್ದಾಗಲೂ ಮತತತ್ತ್ವದ ವಿಷಯದಲ್ಲಿ ಅವರು ತಲೆಬಾಗಲಿಲ್ಲ. ಇಗರ್ಜಿಯ ಹಿರಿಯರು ಹೇಳಿದ್ದನ್ನೆಲ್ಲ ಒಪ್ಪದೆ ವಾದಕ್ಕೆ ನಿಂತರು. ಅನ್ಯರ ಅನ್ನ ಉಂಡರೂ ತನ್ನ ಬುದ್ಧಿಯನ್ನು ಒತ್ತೆಯಿಡದ ಹೆಣ್ಣುಮಗಳು ಅವರು.

1886ರಲ್ಲಿ ಅಮೇರಿಕೆಗೆ ಹೋಗಿ ನಮ್ಮ ಬಾಲವಿಧವೆಯರ ಪಾಡನ್ನು ಊರೂರಿಗೆ ತಿಳಿಸಿದರು. 1887ರ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘ ಹುಟ್ಟಿ, ಹತ್ತು ವರುಷಗಳ ಕಾಲ ನೆರವೀಯುವ ವಚನ ಕೊಟ್ಟಿತು. ಅಲ್ಲಲ್ಲಿ ಕಟ್ಟಿಕೊಂಡ ಚಿಕ್ಕ ಮಂಡಲಿಗಳು ವರ್ಷ ವರ್ಷ ವಂತಿಗೆ ಕೂಡಿಸಿ ಕಳಿಸಿದವು. ದೂರದ ದಾನಿ, ಇಲ್ಲಿಯ ಮಗು ಎಂಬ ಇಂದಿನ ಏರ್ಪಾಟಿನ ಬೇರು ಇಂಥಲ್ಲಿಯೇ ಇದೆಯೆಂದು ನಾನು ತಿಳಿಯುತ್ತೇನೆ.

ಆ ಹಣದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂದಿತು. ಅಲ್ಲಿ ಕಲಿತ ಗೋದೂಬಾಯಿಯೆಂಬ ವಿಧವೆಯೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಮಡದಿಯಾದರು. ಸದನದಲ್ಲಿ ಮತಬೋಧೆ ಇರಕೂಡದೆಂಬುದು ಮೊದಲಿನ ಕರಾರು. ಆದರೆ ರಮಾಬಾಯಿಯವರ ಪ್ರಾರ್ಥನೆಯಲ್ಲಿ ಹುಡುಗಿಯರು ಕೂಡುವುದು ಕಂಡು ಬಿರುಗಾಳಿಯೆದ್ದಿತು. ತಿಲಕರ ಕೇಸರಿ ಕಟುವಾಗಿ ಟೀಕಿಸಿತು. ರಾನಡೆ, ಭಾಂಡಾರಕರರಂಥ ಸಲಹೆಗಾರರು 1893ರಲ್ಲಿ ದೂರ ಸರಿದರು. ಅನೇಕ ಪಾಲಕರು ಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಅವರ ಶಂಕೆ ನಿರಾಧಾರವಾಗಿತ್ತೆಂದು ನಾನು ಹೇಳಲಾರೆ. ಆದರೆ ಹಿಂತಿರುಗಿದ ಆ ಎಳೆಯ ವಿಧವೆಯರಿಗೆ ಮನೆಯಲ್ಲಿ ಅಕ್ಷರದ ಬದಲಿಗೆ ಕಾದಿದ್ದುದೇನೆಂಬುದನ್ನೂ ಮರೆಯಲಾರೆ.

1896-97ರಲ್ಲಿ ಮತ್ತೆ ಬರ ಬಂದಾಗ, ಬರದಲ್ಲಿಯೇ ಹೆತ್ತವರನ್ನು ಕಳೆದುಕೊಂಡ ರಮಾಬಾಯಿಗೆ ಸುಮ್ಮನಿರಲಾಗಲಿಲ್ಲ. ಮಧ್ಯಪ್ರಾಂತಕ್ಕೆ ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಆಚೆಯ ಕೇಡಗಾವಿಯ ಹೊಲದಲ್ಲಿ ನೆಲೆಗೊಳಿಸಿದರು. 1900ರ ಗುಜರಾತಿನ ಬರದ ತರುವಾಯ ಆ ಮುಕ್ತಿ ಸದನದ ಸಂಖ್ಯೆ 2,000ದ ಹತ್ತಿರ ಹೋಯಿತು. ನೇಯ್ಗೆ, ಒಕ್ಕಲುತನ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು ಎಲ್ಲವನ್ನೂ ಹುಡುಗಿಯರೇ ಕಲಿತರು. ಕುರುಡು ಮಕ್ಕಳು ಬ್ರೈಲ್ ಲಿಪಿ ಓದಿದರು. ಇಲ್ಲಿ ಮತದ ಮರೆಮಾಚುವಿಕೆ ಇರಲಿಲ್ಲ. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಮಗಳು ಮನೋರಮೆ 1912ರ ಸುಮಾರಿಗೆ ನಮ್ಮ ಕಲಬುರ್ಗಿಯಲ್ಲಿಯೂ ಒಂದು ಶಾಲೆ ತೆರೆದರು. ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಮೂಲ ಭಾಷೆಗಳಿಂದ ಬೈಬಲನ್ನು ಮರಾಠಿಗೆ ತರುವ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕಣ್ಮುಚ್ಚಿದರು.

2017ರ ಮಾರ್ಚಿನಲ್ಲಿ, ವಿದೇಶೀ ಹಣದ ಮೇಲೆ ಸರಕಾರ ಹಾಕಿದ ನಿರ್ಬಂಧದಿಂದ, ಕಂಪ್ಯಾಶನ್ ಎಂಬ ಅಮೇರಿಕೆಯ ಸಂಸ್ಥೆ ಭಾರತದಲ್ಲಿ ತನ್ನ ಕೆಲಸ ನಿಲ್ಲಿಸಿತು. ಅದರ ಆಶ್ರಯದಲ್ಲಿದ್ದವರು 1,40,000ಕ್ಕೂ ಮಿಕ್ಕ ಮಕ್ಕಳು. 1893ರ ವಾದವೇ ಬೇರೆ ವೇಷದಲ್ಲಿ ಮರಳಿತ್ತು. ಮಗುವಿನ ಮನಸ್ಸನ್ನು ಕಾಯಬೇಕೆಂಬವರ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಆ ಮಾತನಾಡುವವನು ಮಗುವಿನ ತಟ್ಟೆಯನ್ನೂ ಪಾಟಿಯನ್ನೂ ಕಾಯಬೇಕು. ಊರಿನ ಕೈ ಮುಂದೆ ಬಾರದಿದ್ದಾಗ ಪರದೇಶದ ಕೈ ಬರುತ್ತದೆ. ಗಂಗಾಮೂಲದ ಆ ಮಗಳ ಬಾಳು ನಮಗೆ ಹೇಳುವುದು ಇದನ್ನೇ.